ತೊಡೆಗೆ ಪಟ್ಟಿ ಬಿಗಿಯೋ ಮುಂಚೆ

ದಸರಾ ಕ್ರೀಡಾಕೂಟದ ತಾಲೂಕು ಮಟ್ಟ, ಜಿಲ್ಲಾ ಮಟ್ಟ ಮುಗಿಯೋದ್ರೊಳಗೆ ಕಾಲೇಜಿನ ಸ್ಪೋರ್ಟ್ಸ್ ಮೀಟ್, ಅದರ ಬೆನ್ನಿಗೇ ವಿಟಿಯು ಕೂಟ. ಈ ಸೀಸನ್‌ನಲ್ಲಿ ಹಾಸ್ಟೆಲ್‌ನ ಮಾತೆಲ್ಲ ಇಂಟರ್ನಲ್ಸ್ ಬಿಟ್ಟು ಟೈಮಿಂಗ್ ಕಡೆಗೆ ತಿರುಗುತ್ತದೆ. ಯಾರ ಸ್ಪೈಕ್ಸ್ ಹೊಸದು, ಯಾರು ದಿನಕ್ಕೆ ಎಷ್ಟು ಮೊಟ್ಟೆ ತಿಂತಾರೆ, ಯಾವ ಪ್ರೀ-ವರ್ಕೌಟ್ ಪುಡಿ ಯಾರಿಗೆ ಹಿಡಿಸಿತು. ಇದಕ್ಕೆಲ್ಲ ಹೊಸದಾಗಿ ಸೇರಿಕೊಂಡಿರೋದು ತೊಡೆಯ ಪಟ್ಟಿ. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಜೋಡಿ ಸಿಗುತ್ತೆ. ರೇಸಿಗೆ ಹತ್ತು ನಿಮಿಷ ಮೊದಲು ಎರಡೂ ತೊಡೆಗೆ ಅದನ್ನ ಬಿಗಿಯಾಗಿ ಕಟ್ಟೋದು, ಕಾಲು ಕೆಂಪಗಾಗೋವರೆಗೂ ಸ್ಕ್ವಾಟ್ ಹೊಡೆಯೋದು, ಬಿಚ್ಚಿ ಓಡೋದು. ಯಾಕೆ ಅಂತ ಕೇಳಿದ್ರೆ ಬರೋ ಉತ್ತರ ಒಂದೇ: "ಒಲಿಂಪಿಕ್ಸ್‌ನ್ಯಾಗ ಮಾಡ್ತಾರಲೇ!"

ಮಾಡ್ತಾರೆ, ಅದು ನಿಜ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಅಮೆರಿಕದ ಈಜುಗಾರ ಮೈಕಲ್ ಆಂಡ್ರ್ಯೂ, ಮ್ಯಾರಥಾನ್ ಓಟಗಾರ ಗೇಲನ್ ರಪ್ ಇಂಥ ಪಟ್ಟಿ ಬಳಸ್ತಾರೆ ಅನ್ನೋದು ಸುದ್ದಿಯಾಗಿತ್ತು. ವಿಶ್ವ ಉದ್ದೀಪನ ನಿಗ್ರಹ ಸಂಸ್ಥೆಯ, ಅಂದ್ರೆ ವಾಡಾದ ನಿಷೇಧಿತ ಪಟ್ಟಿಯಲ್ಲೂ ಇದು ಇಲ್ಲ. ಹಾಗಾಗಿ ಇದು ಮೋಸವಲ್ಲ, ಕಳ್ಳತನವೂ ಅಲ್ಲ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಈ ಪಟ್ಟಿಯ ಹಿಂದೆ ನಿಜವಾದ ವಿಜ್ಞಾನ ಇದೆ, ಆದ್ರೆ ಅದು ಕೊಡೋ ಲಾಭ ತೀರಾ ಸಣ್ಣದು. ಆ ಸಣ್ಣ ಲಾಭದಲ್ಲೂ ಒಂದು ಪಾಲು ನಂಬಿಕೆಯದ್ದೇ ಇರಬಹುದು. ಅಳತೆ ಇಲ್ಲದೆ ಕಟ್ಟಿದ್ರೆ ಅಪಾಯ ಮಾತ್ರ ಸಣ್ಣದಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹುಡುಗ-ಹುಡುಗಿಯರಿಗೆ ರೇಸಿಗೆ ಮುಂಚೆ ಸಿಗಬೇಕಾದದ್ದು ಬೇರೆಯೇ ಇದೆ, ಅದನ್ನ ಕೊಡೋದು ನಮ್ಮ ಕೈಯಲ್ಲೇ ಇದೆ. ಇಷ್ಟನ್ನೂ ಒಂದೊಂದಾಗಿ ಹೇಳ್ತೀವಿ. ಒಪ್ಪದಿದ್ರೆ ಕ್ಯಾಂಟೀನ್‌ನಲ್ಲಿ ಸಿಗೋಣ, ಚಹಾ ನಮ್ದೇ.

ಜೋಮಿನಿಂದ ಶುರುವಾದ ಕಥೆ

ಮಠದಲ್ಲಿ ಪುರಾಣ ಕೇಳೋಕೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ತಾಸಾದ ಮೇಲೆ ಎದ್ದಾಗ ಕಾಲು ಜೋಮು ಹಿಡಿದು ತಮ್ಮದೇ ಅಲ್ಲ ಅನ್ನಿಸೋದು ಎಲ್ಲರಿಗೂ ಗೊತ್ತು. ಜೋಮು ಬರೋದು ಮುಖ್ಯವಾಗಿ ನರ ಒತ್ತಿಕೊಂಡಿದ್ದಕ್ಕೆ, ಆದ್ರೆ ಆ ಹೊತ್ತಿಗೆ ಕಾಲಿನ ರಕ್ತದ ಹರಿವೂ ಕಡಿಮೆಯಾಗಿರ್ತದೆ. ಜಪಾನಿನ ಯೊಶಿಯಾಕಿ ಸಾಟೊ ಅನ್ನೋ ಹುಡುಗನಿಗೂ 1966ರಲ್ಲಿ ಹೀಗೇ ಆಯ್ತು. ಆಗ ಅವನಿಗೆ 18 ವರ್ಷ, ನಮಗಿಂತ ಒಂದು ವರ್ಷ ಚಿಕ್ಕವನು. ಬೌದ್ಧರ ಒಂದು ಪೂಜೆಯಲ್ಲಿ ಮಂಡಿಯೂರಿ ಬಹಳ ಹೊತ್ತು ಕೂತಿದ್ದ. ಮೀನಖಂಡ ಬಿಗಿದು ಉಬ್ಬಿದಂಗಾಯ್ತು. "ಇದು ಜೋರಾಗಿ ವ್ಯಾಯಾಮ ಮಾಡಿದಾಗ ಆಗೋ ಥರಾನೇ ಇದೆಯಲ್ಲ" ಅನ್ನೋ ಯೋಚನೆ ಅವನಿಗೆ ಬಂತು. ಸೈಕಲ್ ಟ್ಯೂಬು, ಹಗ್ಗ, ಬೆಲ್ಟು, ಸಿಕ್ಕಿದ್ದನ್ನೆಲ್ಲ ಕೈಕಾಲಿಗೆ ಕಟ್ಟಿಕೊಂಡು ತನ್ನ ಮೇಲೇ ಪ್ರಯೋಗ ಶುರು ಮಾಡಿದ.

ಇಲ್ಲಿವರೆಗಿನ ಕಥೆ ಎಲ್ಲ ವಿಡಿಯೊದಲ್ಲೂ ಇರುತ್ತೆ. ಅದರ ಮುಂದಿನದು ಇರಲ್ಲ. ಮರುವರ್ಷ, 1967ರಲ್ಲಿ, ಅದೇ ಪ್ರಯೋಗಗಳಿಂದ ಸಾಟೊಗೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಹಾಕಿಕೊಂಡಿತು. ಅವನು ಬದುಕಿಕೊಂಡ. ಎಷ್ಟು ಬಿಗಿಯಬೇಕು, ಎಷ್ಟು ಹೊತ್ತು ಅನ್ನೋದನ್ನ ಲೆಕ್ಕ ಹಾಕುತ್ತಾ ವರ್ಷಗಟ್ಟಲೆ ಕಳೆದ. 1973ರಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದು ಕಾಲಿಗೆ ಪೆಟ್ಟಾದಾಗ, ಸ್ನಾಯು ಸೊರಗದ ಹಾಗೆ ಇದೇ ವಿಧಾನವನ್ನ ತನ್ನ ಮೇಲೆ ಬಳಸಿಕೊಂಡ. ಮುಂದೆ ಅದಕ್ಕೆ 'ಕಾಟ್ಸು' ಅಂತ ಹೆಸರಿಟ್ಟ, ಒತ್ತಡ ಸೇರಿಸೋದು ಅಂತ ಅರ್ಥ. ಈಗ ಇಂಗ್ಲಿಷಿನಲ್ಲಿ ಬ್ಲಡ್ ಫ್ಲೋ ರಿಸ್ಟ್ರಿಕ್ಷನ್, ಚಿಕ್ಕದಾಗಿ ಬಿಎಫ್‌ಆರ್ ಅಂತಾರೆ. ಅಂದ್ರೆ ಈ ವಿದ್ಯೆ ಕಂಡುಹಿಡಿದವನೇ ಮೊದಲ ಏಟು ತಿಂದವನು, ಅದೂ ಅಳತೆ ಇಲ್ಲದ ಸೈಕಲ್ ಟ್ಯೂಬಿನ ಕಾಲದಲ್ಲಿ.

ಒಂದೇ ಪಟ್ಟಿ, ಎರಡು ಕೆಲಸ

ನಮ್ಮ ಕಾರಿಡಾರ್‌ನಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸುಮೇಲೋಗರ ಆಗಿವೆ. ಮೊದಲು ಅದನ್ನ ಬಿಡಿಸಬೇಕು.

ಒಂದನೆಯದು ತರಬೇತಿಯ ಬಿಎಫ್‌ಆರ್. ಪಟ್ಟಿ ಕಟ್ಟಿಕೊಂಡು ಕಡಿಮೆ ಭಾರ ಎತ್ತೋದು. ನೀವು ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ 20ರಿಂದ 40% ಅಷ್ಟೇ. ಮೊದಲು 30 ಸಲ, ಆಮೇಲೆ 15ರಂತೆ ಮೂರು ಸಲ. ಅಪಧಮನಿ ಪೂರ್ತಿ ಮುಚ್ಚೋಕೆ ಎಷ್ಟು ಒತ್ತಡ ಬೇಕೋ ಅದರ 40ರಿಂದ 80% ಮಾತ್ರ ಹಾಕ್ತಾರೆ. ಹೋಗೋ ರಕ್ತ ಸ್ವಲ್ಪ ಹೋಗಬೇಕು, ವಾಪಸ್ ಬರೋ ರಕ್ತ ತಡೆಯಬೇಕು. ಮಂಡಿ ಆಪರೇಷನ್ ಆಗಿ ಭಾರ ಎತ್ತೋಕೆ ಆಗದವರಿಗೆ ಫಿಸಿಯೋಥೆರಪಿಸ್ಟ್‌ಗಳು ಇದನ್ನ ಮಾಡಿಸ್ತಾರೆ. ವಾರಗಟ್ಟಲೆ ಮಾಡಿದ್ರೆ ಸ್ನಾಯು ಬೆಳೆಯುತ್ತೆ ಅನ್ನೋದಕ್ಕೆ ಒಳ್ಳೆ ಪುರಾವೆ ಇದೆ. ಇದರ ಬಗ್ಗೆ ನಮಗೆ ತಕರಾರಿಲ್ಲ.

ಎರಡನೆಯದು ಸ್ಪರ್ಧೆಗೆ ಸ್ವಲ್ಪ ಮೊದಲು ಮಾಡೋದು. ಇದರ ಹೆಸರು ಇಸ್ಕೀಮಿಕ್ ಪ್ರೀಕಂಡೀಷನಿಂಗ್. ಇದರಲ್ಲಿ ಸ್ಕ್ವಾಟೂ ಇಲ್ಲ, ಡಂಬೆಲ್ಲೂ ಇಲ್ಲ. ಸುಮ್ಮನೆ ಮಲಗಬೇಕು. ಬಿಪಿ ನೋಡೋ ಪಟ್ಟಿಯಂಥದ್ದನ್ನೇ, ಇನ್ನೂ ಅಗಲವಾದದ್ದನ್ನ, ತೊಡೆಗೆ ಸುತ್ತಿ 220 ಮಿ.ಮೀ. ಪಾದರಸದಷ್ಟು ಒತ್ತಡ ಹಾಕಿ ರಕ್ತ ಪೂರ್ತಿ ನಿಲ್ಲಿಸೋದು, ಐದು ನಿಮಿಷ. ಆಮೇಲೆ ಐದು ನಿಮಿಷ ಬಿಡೋದು. ಹೀಗೆ ಮೂರು ನಾಲ್ಕು ಸಲ.

ನಮ್ಮವರು ಮಾಡ್ತಿರೋದು ಇವೆರಡರಲ್ಲಿ ಯಾವುದೂ ಅಲ್ಲ. ಮೊದಲನೆಯದರ ಪಟ್ಟಿ, ಎರಡನೆಯದರ ಆಸೆ, ಅಳತೆ ಎರಡರದ್ದೂ ಇಲ್ಲ.

ನಾಯಿಯ ಹೃದಯದಿಂದ ಸೈಕಲ್‌ವರೆಗೆ

ಎರಡನೇ ವಿಧಾನ ಹುಟ್ಟಿದ್ದು ಮೈದಾನದಲ್ಲಲ್ಲ, ಹೃದ್ರೋಗದ ಲ್ಯಾಬ್‌ನಲ್ಲಿ. 1986ರಲ್ಲಿ ಅಮೆರಿಕದ ಮರಿ, ಜೆನಿಂಗ್ಸ್, ರೀಮರ್ ಅನ್ನೋ ಮೂವರು ನಾಯಿಗಳ ಹೃದಯದ ಒಂದು ರಕ್ತನಾಳವನ್ನ ಐದೈದು ನಿಮಿಷ ನಾಲ್ಕು ಸಲ ಮುಚ್ಚಿ ತೆಗೆದರು. ಆಮೇಲೆ ಒಂದೇ ಸಲಕ್ಕೆ 40 ನಿಮಿಷ ಮುಚ್ಚಿದರು. ಮೊದಲೇ ಹೀಗೆ ರೂಢಿ ಮಾಡಿಸಿದ ಹೃದಯದಲ್ಲಿ ಸತ್ತ ಭಾಗ, ರೂಢಿ ಇಲ್ಲದ ಹೃದಯದಲ್ಲಿ ಸತ್ತದ್ದರ ನಾಲ್ಕನೇ ಒಂದು ಪಾಲು ಮಾತ್ರ ಇತ್ತು. ಅಂದ್ರೆ ಸಣ್ಣ ಕಷ್ಟ ಉಂಡ ಅಂಗ ದೊಡ್ಡ ಕಷ್ಟ ತಡೆದುಕೊಳ್ತು.

ಇಂಥದ್ದನ್ನ ಕ್ರೀಡಾಪಟುಗಳ ಕಾಲಿನ ಮೇಲೂ ನೋಡೋಣ ಅಂತ ಜನಕ್ಕೆ ಅನ್ನಿಸಿದ್ದು ಸಹಜ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ 15 ಮಂದಿ ಪಳಗಿದ ಸೈಕ್ಲಿಸ್ಟ್‌ಗಳ ಮೇಲೆ ಪ್ರಯೋಗ ಆಯ್ತು. 220 ಒತ್ತಡ, ಐದು ನಿಮಿಷ, ಮೂರು ಸಲ. ಅವರ ಗರಿಷ್ಠ ಶಕ್ತಿ ಸರಾಸರಿ 366 ವ್ಯಾಟ್‌ನಿಂದ 372ಕ್ಕೆ ಏರಿತು, ಅಂದ್ರೆ 1.6%. 2012ರ ಇನ್ನೊಂದು ಅಧ್ಯಯನದಲ್ಲಿ 5 ಕಿ.ಮೀ. ಓಟದ ಸಮಯ ಸರಾಸರಿ 34 ಸೆಕೆಂಡ್ ಇಳಿಯಿತು. ಮೆಡಲ್ ಬರೋದೂ ಹೋಗೋದೂ ಇದಕ್ಕಿಂತ ಕಡಿಮೆ ಅಂತರದಲ್ಲಿ. ಒಲಿಂಪಿಕ್ಸ್ ಮಟ್ಟದವರು ಇದರ ಬೆನ್ನು ಹತ್ತಿರೋದರಲ್ಲಿ ಆಶ್ಚರ್ಯ ಇಲ್ಲ.

ಈಗ ಆ 6 ವ್ಯಾಟ್‌ಗಳನ್ನ ನಮ್ಮೂರಿಗೆ ತರೋಣ. 2021ರಲ್ಲಿ ರಾಷ್ಟ್ರಮಟ್ಟದ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಡೆದ ಊರು ಗದಗ. ಮುಂಡರಗಿ ರಸ್ತೆಯಲ್ಲಿ ಬೆಳಿಗ್ಗೆ ಹೊರಟರೆ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣ್ತವೆ. ಕಂಪನಿಗಳು ಅವನ್ನ ಚಂದಕ್ಕೆ ನಿಲ್ಲಿಸಿಲ್ಲ, ಇಲ್ಲಿ ಗಾಳಿ ಇದೆ ಅಂತ ನಿಲ್ಲಿಸಿದ್ದಾರೆ. ಸಪಾಟು ರಸ್ತೆಯಲ್ಲಿ ಗಂಟೆಗೆ 36 ಕಿ.ಮೀ. ವೇಗದಲ್ಲಿ, ಅಂದ್ರೆ ಸೆಕೆಂಡಿಗೆ 10 ಮೀಟರ್‌ನಲ್ಲಿ ಸೈಕಲ್ ತುಳಿಯೋನಿಗೆ ಗಾಳಿ ಸೀಳೋಕೆ ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕಿ. ಗಾಳಿಯ ಸಾಂದ್ರತೆ 1.1, ಡ್ರ್ಯಾಗ್ ಗುಣಾಂಕ ಮತ್ತು ಎದುರು ವಿಸ್ತೀರ್ಣದ ಗುಣಲಬ್ಧ 0.32 ಅಂತ ಹಿಡಿದ್ರೆ ಸುಮಾರು 176 ವ್ಯಾಟ್. ಎದುರಿಗೆ ಸೆಕೆಂಡಿಗೆ ಒಂದೇ ಮೀಟರ್ ಗಾಳಿ ಬೀಸಿದ್ರೂ, ಅದೇ ವೇಗಕ್ಕೆ ಸುಮಾರು 213 ವ್ಯಾಟ್ ಬೇಕು. 37 ವ್ಯಾಟ್ ಜಾಸ್ತಿ. ಮೊಣಕೈ ಒಳಗೆ ತಂದು ಬೆನ್ನು ಸ್ವಲ್ಪ ಬಗ್ಗಿಸಿ ಆ 0.32 ಅನ್ನ 0.30ಕ್ಕೆ ಇಳಿಸಿದ್ರೆ, ಗಾಳಿ ಇಲ್ಲದ ದಿನವೂ 11 ವ್ಯಾಟ್ ಉಳಿತಾಯ. ಪಟ್ಟಿ ಕೊಡೋದರ ಹೆಚ್ಚುಕಡಿಮೆ ಎರಡು ಪಟ್ಟು ಅದು. ಯಾರಾದ್ರೂ ಪಕ್ಕದಲ್ಲಿ ನಿಂತು "ಮೊಣಕೈ ಒಳಗ ತಗೋ ತಮ್ಮಾ" ಅಂದ್ರೆ ಸಾಕು.

ಸುಳ್ಳು ಪಟ್ಟಿಯೂ ಕೆಲಸ ಮಾಡ್ತು

ಇಂಥ ಪ್ರಯೋಗಗಳಲ್ಲಿ ಒಂದು ತೊಡಕಿದೆ. ಔಷಧ ಪರೀಕ್ಷೆ ಮಾಡುವಾಗ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು, ನುಂಗಿದವನಿಗೆ ವ್ಯತ್ಯಾಸ ಗೊತ್ತಾಗಲ್ಲ. ತೊಡೆ ಹಿಂಡ್ತಿರೋದು ಮಾತ್ರ ಗೊತ್ತಾಗದೇ ಇರುತ್ತಾ? "ನನಗೇನೋ ವಿಶೇಷ ಮಾಡಿದ್ದಾರೆ" ಅಂತ ತಿಳಿದವನು ಸ್ವಲ್ಪ ಜಾಸ್ತಿಯೇ ತಳ್ಳುತ್ತಾನೆ.

ಅದಕ್ಕೇ ಬ್ರೆಜಿಲ್‌ನ ಸಂಶೋಧಕರು 2015ರಲ್ಲಿ ಬೇರೆ ದಾರಿ ಹಿಡಿದರು. ಕೆಲವು ದಿನ 220 ಒತ್ತಡ, ಕೆಲವು ದಿನ ಬರೀ 20. ಈ 20ರಲ್ಲಿ ರಕ್ತ ನಿಲ್ಲೋದೇ ಇಲ್ಲ, ಸುಮ್ಮನೆ ಬಟ್ಟೆ ಸುತ್ತಿದ ಹಾಗೆ. ಆದ್ರೂ ಏನೂ ಕಟ್ಟದ ದಿನಕ್ಕಿಂತ ಸುಳ್ಳು ಪಟ್ಟಿಯ ದಿನವೂ ಫಲಿತಾಂಶ ಚೆನ್ನಾಗಿತ್ತು. ಈ ಲಾಭದಲ್ಲಿ ಒಂದು ಪಾಲು ಪ್ಲಸೀಬೊ ಇರಬಹುದಾ ಅನ್ನೋದೇ ಅವರ ಪ್ರಶ್ನೆ. ಹೃದಯದ ಕಡೆಯಿಂದಲೂ ಅದೇ ವರ್ಷ ನಿರಾಸೆಯ ಸುದ್ದಿ ಬಂತು. ಬ್ರಿಟನ್ ಮತ್ತು ಜರ್ಮನಿಯಲ್ಲಿ ಹೃದಯದ ಆಪರೇಷನ್‌ಗೆ ಮುಂಚೆ ತೋಳಿಗೆ ಪಟ್ಟಿ ಬಿಗಿದು ಬಿಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳಲ್ಲಿ, ಒಟ್ಟು ಸುಮಾರು 3,000 ರೋಗಿಗಳಲ್ಲಿ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಹಾಗಂತ ಎಲ್ಲ ಬುರುಡೆ ಅಂತ ತಳ್ಳಿಹಾಕೋದೂ ಸರಿಯಲ್ಲ. ಲಾಭ ಕಂಡ ಅಧ್ಯಯನಗಳೂ ಇವೆ, ಕಾಣದವೂ ಇವೆ, ದೇಹದೊಳಗೆ ಏನು ನಡೆಯುತ್ತೆ ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ನಮಗೆ ಇದರಲ್ಲಿ ಕುತೂಹಲದ್ದು ಅನ್ನಿಸಿದ್ದು ಆ 20ರ ಪಟ್ಟಿಯೇ. ಅದರಲ್ಲಿ ಕ್ರೀಡಾಪಟುವಿಗೆ ನಿಜವಾಗಿ ಸಿಕ್ಕಿದ್ದಾದ್ರೂ ಏನು? ಮಲಗೋಕೆ ಒಂದು ಜಾಗ. ಗಲಾಟೆ ಇಲ್ಲದ ಅರ್ಧ ಮುಕ್ಕಾಲು ತಾಸು. ಪಕ್ಕದಲ್ಲಿ ಕೂತು ಅವನನ್ನೇ ನೋಡ್ತಾ, ಗಡಿಯಾರ ನೋಡ್ತಾ, "ಹೆಂಗನಸ್ತೈತಿ?" ಅಂತ ಕೇಳೋ ಒಬ್ಬ ಮನುಷ್ಯ.

ನಮ್ಮ ಕೂಟಗಳ ಮುಂಜಾನೆ

ಈಗ ನಮ್ಮ ಜಿಲ್ಲಾ ಮಟ್ಟದ ಕೂಟದ ಒಂದು ಬೆಳಿಗ್ಗೆ ನೆನೆಸಿಕೊಳ್ಳಿ. ಕೆ.ಎಚ್. ಪಾಟೀಲ ಜಿಲ್ಲಾ ಕ್ರೀಡಾಂಗಣ ಗದಗದಲ್ಲಿದೆ. ಲಕ್ಷ್ಮೇಶ್ವರದಿಂದಲೂ ಮುಂಡರಗಿಯಿಂದಲೂ ಇಲ್ಲಿಗೆ ಸುಮಾರು 40 ಕಿ.ಮೀ. ಆ ಊರುಗಳಾಚೆಯ ಹಳ್ಳಿಯಿಂದ ಬರೋರಿಗೆ ಇನ್ನೂ ದೂರ. ನಸುಕಿನಲ್ಲಿ ಎದ್ದು, ಸಾರಿಗೆ ಬಸ್ಸಿನಲ್ಲಿ ನಿಂತೇ ಬಂದು, ಇಳಿದವರು ಮೈದಾನಕ್ಕೆ ಓಡಿಬಂದು ಹೆಸರು ಬರೆಸಿ ಚೆಸ್ಟ್ ನಂಬರ್ ಚುಚ್ಚಿಕೊಳ್ಳೋದ್ರೊಳಗೆ ಮೈಕ್‌ನಲ್ಲಿ "ಲಾಸ್ಟ್ ಕಾಲ್" ಕೂಗ್ತಿರ್ತಾರೆ. ನಾಷ್ಟಾ ಆಗಿರಲ್ಲ. ಶಿರಹಟ್ಟಿಯಿಂದ ಬಂದ ಹುಡುಗಿ ಬಟ್ಟೆ ಬದಲಿಸೋಕೆ ಜಾಗ ಹುಡುಕ್ತಿರ್ತಾಳೆ. ವಾರ್ಮ್-ಅಪ್ ಅಂದ್ರೆ ಗೇಟಿನಿಂದ ಸ್ಟಾರ್ಟಿಂಗ್ ಲೈನ್‌ವರೆಗಿನ ಓಟ.

ಇದರ ಬೆಲೆ ಎಷ್ಟು ಗೊತ್ತಾ? ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಏರಿದ್ರೆ ಜಿಗಿತ, ಸ್ಪ್ರಿಂಟ್‌ನಂಥ ಕೆಲಸಗಳಲ್ಲಿ ಸಾಮರ್ಥ್ಯ 2ರಿಂದ 5% ಏರುತ್ತೆ ಅನ್ನೋದು ಕ್ರೀಡಾ ವಿಜ್ಞಾನದಲ್ಲಿ ಚೆನ್ನಾಗಿ ಗೊತ್ತಿರೋ ಮಾತು. ಅಂದ್ರೆ ಸರಿಯಾದ ವಾರ್ಮ್-ಅಪ್ ಒಂದರಲ್ಲೇ, ಪಟ್ಟಿ ಕೊಡಬಹುದಾದ 1.6% ಅನ್ನ ದಾಟಬಹುದು. ಮೈಯ ನೀರು ದೇಹದ ತೂಕದ 2% ಇಳಿದ್ರೆ ದೂರದ ಓಟ, ಸೈಕ್ಲಿಂಗ್ ಎರಡೂ ಹಾಳಾಗುತ್ತವೆ. ನಮ್ಮ ಬಿಸಿಲಲ್ಲಿ ಅದಕ್ಕೆ ಬಹಳ ಹೊತ್ತು ಬೇಡ.

ಗರಡಿಮನೆಯವರಿಗೆ ಇದು ಯಾವತ್ತೋ ಗೊತ್ತಿತ್ತು. ಪೈಲ್ವಾನ ಸೀದಾ ಹೋಗಿ ಕುಸ್ತಿಗೆ ಇಳಿಯಲ್ಲ. ಹನುಮಪ್ಪನಿಗೆ ಕೈಮುಗಿದು, ಕೆಂಪು ಮಣ್ಣು ಮೈಗೆ ಸವರಿಕೊಂಡು, ದಂಡ ಬೈಠಕ್ ಹೊಡೆದು ಮೈ ಕಾಯಿಸಿಕೊಂಡೇ ಇಳಿಯೋದು. ಉಸ್ತಾದ ಪಕ್ಕದಲ್ಲೇ ಇರ್ತಾನೆ. ಮೈಗೂ ಮನಸ್ಸಿಗೂ ಒಟ್ಟಿಗೆ ಆಗೋ ತಯಾರಿ ಅದು. ಅದರಲ್ಲಿ ಎಷ್ಟು ಪಾಲು ಉಷ್ಣತೆ, ಎಷ್ಟು ಪಾಲು ನಂಬಿಕೆ ಅಂತ ಯಾರೂ ಬೇರೆ ಮಾಡಿ ನೋಡಿಲ್ಲ, ನೋಡೋ ಅಗತ್ಯವೂ ಬಿದ್ದಿಲ್ಲ.

ದೂರದ ಕಷ್ಟವೂ ನಮಗೆ ಹೊಸದಲ್ಲ. ಗದಗದಲ್ಲಿ ಹುಟ್ಟಿದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಾಮುಂಜಾನೆ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮುಗಿಸಿ, ಶಾಲೆ ಹೊತ್ತಿಗೆ ಗದಗಕ್ಕೆ ವಾಪಸ್ ಬರ್ತಿದ್ರು. ಅದೇ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್‌ನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದ್ರು. ಈ ಕಥೆ ಹೇಳಿ ನಾವು ಹೆಮ್ಮೆ ಪಡ್ತೀವಿ, ಪಡಲೇಬೇಕು. ಆದ್ರೆ ಆ ಬಸ್ಸಿನ ದಾರಿಯಲ್ಲಿ ಸುಸ್ತಾಗಿ ಆಟ ಬಿಟ್ಟವರ ಲೆಕ್ಕ ಯಾರ ಹತ್ರಾನೂ ಇಲ್ಲ.

ಹತ್ತು ಕೆ.ಜಿ. ಎಳೆತದ ಲೆಕ್ಕ

ಇನ್ನು ಅಪಾಯದ ಮಾತು. ಹೆದರಿಸೋಕೆ ಹೇಳ್ತಿಲ್ಲ, ಲೆಕ್ಕ ನೀವೇ ಮಾಡಿ. ಮೆಕ್ಯಾನಿಕಲ್‌ನವರು ತೆಳು ಸಿಲಿಂಡರ್‌ನ ಪಾಠ ಓದಿರ್ತೀರಿ. ಅದನ್ನೇ ತಿರುಗಿಸಿ: ಪಟ್ಟಿಯ ಕೆಳಗಿನ ಒತ್ತಡ ಅಂದ್ರೆ ಎಳೆತವನ್ನ ತ್ರಿಜ್ಯ ಮತ್ತು ಪಟ್ಟಿಯ ಅಗಲದ ಗುಣಲಬ್ಧದಿಂದ ಭಾಗಿಸಿದ್ದು. ತೊಡೆಯ ಸುತ್ತಳತೆ 50 ಸೆಂ.ಮೀ. ಇದ್ರೆ ತ್ರಿಜ್ಯ ಸುಮಾರು 8 ಸೆಂ.ಮೀ. ಪಟ್ಟಿಯ ಅಗಲ 5 ಸೆಂ.ಮೀ. ಹತ್ತು ಕೆ.ಜಿ. ಬಲದಲ್ಲಿ ಎಳೆದು ಕಟ್ಟಿದ್ರೆ ಒತ್ತಡ ಸುಮಾರು 184 ಮಿ.ಮೀ. ಪಾದರಸ. ಅದೇ ಎಳೆತಕ್ಕೆ ಅರ್ಧ ಅಗಲದ ಪಟ್ಟಿ ಹಾಕಿದ್ರೆ 368. ಒಂದರ ಮೇಲೊಂದು ಎರಡು ಸುತ್ತು ಸುತ್ತಿದ್ರೆ ಮತ್ತೆ ಎರಡು ಪಟ್ಟು. ತೋಳು ತೊಡೆಗಿಂತ ತೆಳ್ಳಗಿರೋದ್ರಿಂದ ಅಲ್ಲಿ ಇನ್ನೂ ಜಾಸ್ತಿ. ಪ್ರಯೋಗದವರು ಡಾಕ್ಟರ್ ಎದುರಿಗೆ ಅಗಲ ಪಟ್ಟಿಯಲ್ಲಿ ಐದೈದು ನಿಮಿಷಕ್ಕೆ ಹಾಕಿದ್ದು 220. ನಾವು ಹಲ್ಲು ಕಚ್ಚಿ ಎಷ್ಟು ಎಳೆದ್ವಿ ಅನ್ನೋದು ನಮಗೇ ಗೊತ್ತಿರಲ್ಲ. "ಹತ್ತರಲ್ಲಿ ಏಳರಷ್ಟು ಬಿಗಿ" ಅಂತ ವಿಡಿಯೊದಲ್ಲಿ ಹೇಳ್ತಾರೆ. ಲ್ಯಾಬ್ ರೆಕಾರ್ಡ್‌ನಲ್ಲಿ ವೋಲ್ಟೇಜ್ "ಹತ್ತರಲ್ಲಿ ಏಳು" ಅಂತ ಬರೆದ್ರೆ ಸರ್ ಸೈನ್ ಹಾಕ್ತಾರಾ?

ಜಪಾನಿನಲ್ಲಿ ಕಾಟ್ಸು ಕೇಂದ್ರಗಳ ಒಂದು ಸಮೀಕ್ಷೆ 2006ರಲ್ಲಿ ಪ್ರಕಟವಾಯ್ತು. ಅದರಲ್ಲಿ ಸುಮಾರು 12,600 ಮಂದಿಯ ಮಾಹಿತಿ ಇತ್ತು. ಶೇ. 13ರಷ್ಟು ಮಂದಿಗೆ ಚರ್ಮದಡಿ ರಕ್ತ ಹೆಪ್ಪುಗಟ್ಟಿ ಕಂದಿತ್ತು, ಶೇ. 1.3ರಷ್ಟು ಮಂದಿಗೆ ಮರಗಟ್ಟಿತ್ತು, ಶೇ. 0.055ರಷ್ಟು ಮಂದಿಗೆ, ಅಂದ್ರೆ ಏಳು ಜನಕ್ಕೆ, ರಕ್ತನಾಳದಲ್ಲಿ ಹೆಪ್ಪು ಆಗಿತ್ತು. ಇದು ತರಬೇತಿ ಪಡೆದವರ ಕೈಯಲ್ಲಿ, ಅಳತೆ ಇದ್ದ ಕಡೆ. 2010ರಲ್ಲಿ ನಾರ್ವೆಯಿಂದ ವರದಿಯಾದ ಪ್ರಕರಣದಲ್ಲಿ ಒಬ್ಬ ಐಸ್ ಹಾಕಿ ಆಟಗಾರನಿಗೆ ಇಂಥ ವ್ಯಾಯಾಮದ ನಂತರ ಸ್ನಾಯುವಿನ ಕೋಶಗಳು ಒಡೆದು, ಅದರ ಅಂಶ ರಕ್ತಕ್ಕೆ ಸೇರೋ ತೊಂದರೆ ಆಯ್ತು. ಇದು ಜಾಸ್ತಿಯಾದ್ರೆ ಕಿಡ್ನಿಗೆ ಪೆಟ್ಟು. ಹೆಪ್ಪುಗಟ್ಟೋ ತೊಂದರೆ ಮನೆತನದಲ್ಲಿ ಇದ್ದವರು, ಬಿಪಿ ಜಾಸ್ತಿ ಇದ್ದವರು, ಸಿಕಲ್ ಸೆಲ್ ಇದ್ದವರು ಇದರ ಹತ್ತಿರವೂ ಹೋಗಬಾರದು. ನಮ್ಮಲ್ಲಿ ಎಷ್ಟು ಮಂದಿಗೆ ತಮ್ಮ ಬಿಪಿ ಎಷ್ಟು ಅಂತ ಗೊತ್ತು?

"ಸಿಗೋದೇ ಕಡಿಮಿ, ಇದನ್ನೂ ಬ್ಯಾಡ ಅಂತೀರೇನ?"

ಈ ಪ್ರಶ್ನೆ ನಮಗೆ ಬಂದೇ ಬಂತು, ನ್ಯಾಯವಾದ ಪ್ರಶ್ನೆ. ದೊಡ್ಡ ದೇಶದವರು ಮಾಡಿದ್ರೆ ಸ್ಪೋರ್ಟ್ಸ್ ಸೈನ್ಸ್, ಮುಂಡರಗಿ ಹುಡುಗ ಮಾಡಿದ್ರೆ ಹುಚ್ಚಾಟ ಅನ್ನೋದು ಅನ್ಯಾಯ. ಅವನ ಹತ್ರ ಕೋಚ್ ಇಲ್ಲ, ಫಿಸಿಯೋ ಇಲ್ಲ, ಕೆಲವು ನೂರು ರೂಪಾಯಿಗೆ ಒಲಿಂಪಿಕ್ಸ್‌ನ ಒಂದು ತುಣುಕು ಸಿಕ್ತು ಅಂದ್ರೆ ತಗೊಳ್ದೆ ಏನು ಮಾಡ್ತಾನೆ?

ನಮ್ಮ ಸಿಟ್ಟು ಅವನ ಮೇಲಲ್ಲ. ಮೈಕಲ್ ಆಂಡ್ರ್ಯೂಗೆ ಪಟ್ಟಿ ಬಂದದ್ದು ಎಲ್ಲದರ ಕೊನೆಗೆ. ಈಜುಕೊಳ, ಕೋಚ್, ಊಟ, ನಿದ್ದೆ, ಡಾಕ್ಟರ್ ಎಲ್ಲ ಆದ ಮೇಲೆ ಉಳಿದ ಒಂದು ಪರ್ಸೆಂಟಿಗೆ. ನಮ್ಮವರಿಗೆ ಅದೇ ಮೊದಲು ಬಂದು ಕೂತಿದೆ, ಯಾಕಂದ್ರೆ ಅದೊಂದೇ ಪಾರ್ಸಲ್‌ನಲ್ಲಿ ಬರುತ್ತೆ. ಉಳಿದದ್ದನ್ನ ಮನುಷ್ಯರೇ ಕೊಡಬೇಕು, ಅದು ಕಾರ್ಟ್‌ಗೆ ಹಾಕೋ ಸಾಮಾನಲ್ಲ.

ಹಂಗಾಗಿ ನಾವು ಕೇಳೋದು ಮೂರು.

ಮೊದಲನೆಯದು, ಕೂಟದ ದಿನ ಅಳತೆ ಇಲ್ಲದ ಪಟ್ಟಿ ಬೇಡ. ಯಾರನ್ನೂ ಅನರ್ಹ ಮಾಡಬೇಕು ಅಂತಲ್ಲ. ಕಟ್ಟಿಕೊಂಡವರು ಕಂಡ್ರೆ ಪಕ್ಕಕ್ಕೆ ಕೂರಿಸಿ ಬಿಚ್ಚಿಸಿ, ಯಾಕೆ ಅಂತ ಹೇಳಿ. ಕಾಲು ಬೆಳ್ಳಗಾದ್ರೆ, ನೀಲಿಗಟ್ಟಿದ್ರೆ, ಮರಗಟ್ಟಿದ್ರೆ ಅದು "ಪಂಪ್" ಅಲ್ಲ, ತಕ್ಷಣ ಬಿಚ್ಚಬೇಕು. ಬಿಚ್ಚಿದ ಮೇಲೂ ಮೀನಖಂಡದ ನೋವು, ಬಾವು ಇಳಿಯದಿದ್ರೆ ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ರೆ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು, ನಾವು ಎಂಜಿನಿಯರಿಂಗ್ ಓದ್ತಿರೋದು, ಅಳೆಯೋದು ನಮ್ಮ ಕೆಲಸ. ಪ್ರೆಷರ್ ಸೆನ್ಸರ್, ಚಿಕ್ಕ ಪಂಪ್, ವಾಲ್ವ್, ಆರ್ಡುಯಿನೊ ಸೇರಿಸಿ ಒತ್ತಡ ತೋರಿಸೋ, ಮಿತಿ ಮೀರಿದ್ರೆ ತಾನೇ ಗಾಳಿ ಬಿಡೋ ಅಗಲ ಪಟ್ಟಿ ಮಾಡೋದು ಒಳ್ಳೆ ಪ್ರಾಜೆಕ್ಟ್. ಅದನ್ನ ಮೊದಲು ನೀರು ತುಂಬಿದ ರಬ್ಬರ್ ಕೊಳವೆಯ ಮೇಲೆ ಪರೀಕ್ಷಿಸೋಣ, ಮನುಷ್ಯರ ಮೇಲೆ ಅಲ್ಲ. ಮನುಷ್ಯರವರೆಗೆ ಹೋಗೋದಾದ್ರೆ ಗದಗದಲ್ಲೇ ವೈದ್ಯಕೀಯ ಕಾಲೇಜು ಇದೆ, ಜಿಮ್ಸ್. ಅಲ್ಲಿನ ಡಾಕ್ಟರುಗಳ ಜೊತೆ ಕೂತು, ನೈತಿಕ ಸಮಿತಿಯ ಒಪ್ಪಿಗೆ ತಗೊಂಡು, 220 ಮತ್ತು 20ರ ಎರಡೂ ಪಟ್ಟಿ ಇಟ್ಟೇ ಮಾಡಬೇಕು. ಫಲಿತಾಂಶ "ಲಾಭ ಇಲ್ಲ" ಅಂತ ಬಂದ್ರೆ ಅದನ್ನೂ ಹಾಗೇ ಬರೆಯಬೇಕು. ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಬಹುಮಾನ ಸಿಗದೇ ಹೋಗಬಹುದು, ಪರವಾಗಿಲ್ಲ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಆ ಸುಳ್ಳು ಪಟ್ಟಿಯ ಪ್ರಯೋಗದಲ್ಲಿದ್ದ ನಲವತ್ತು ನಿಮಿಷವನ್ನ ಪಟ್ಟಿ ಇಲ್ಲದೆ ಕೊಡೋಣ. ಕಾಲೇಜಿನ ಮೀಟ್‌ನಲ್ಲಿ ಶುರು ಮಾಡಬಹುದು. ಒಂದು ಕ್ಲಾಸ್‌ರೂಮ್, ಹತ್ತು ಜಮಖಾನೆ, ಕುಡಿಯೋ ನೀರು, ಉಪ್ಪು-ಸಕ್ಕರೆ, ಬಾಳೆಹಣ್ಣು. ಹುಡುಗಿಯರಿಗೆ ಬಾಗಿಲು ಹಾಕಿಕೊಳ್ಳೋ ಇನ್ನೊಂದು ರೂಮ್. ಆಡದೇ ಇರೋ ನಾವೆಲ್ಲ ಇಬ್ಬಿಬ್ಬರು ಕ್ರೀಡಾಪಟುಗಳಿಗೆ ಒಬ್ಬರಂತೆ ಕೂರೋದು. ರೇಸಿಗೆ ನಲವತ್ತು ನಿಮಿಷ ಮೊದಲು ಕರೆದು ತರೋದು, ಇಪ್ಪತ್ತು ನಿಮಿಷ ಕೂರಿಸೋದು, ಇಪ್ಪತ್ತು ನಿಮಿಷ ಸರಿಯಾಗಿ ಮೈ ಕಾಯಿಸೋದು, ಲೈನ್‌ವರೆಗೂ ಜೊತೆ ಹೋಗೋದು. ದೂರದ ತಾಲೂಕಿನವರ ಈವೆಂಟನ್ನ ದಿನದ ಮೊದಲನೆಯದಾಗಿ ಇಡಬೇಡಿ ಅಂತ ಸಂಘಟಕರಿಗೆ ಪತ್ರ ಕೊಡೋದು. ಹಿಂದಿನ ರಾತ್ರಿ ಬರೋರಿಗೆ ಹಾಸ್ಟೆಲ್‌ನಲ್ಲಿ ಒಂದು ಚಾಪೆ ಜಾಗ ಕೊಡೋದು.

ಇದಕ್ಕೆ ಹಣ ಜಾಸ್ತಿ ಬೇಡ. ಜಮಖಾನೆ ಕ್ಲಬ್ಬಿನ ರೂಮಿನಲ್ಲೇ ಇವೆ, ರಾಜ್ಯೋತ್ಸವಕ್ಕೆ ತೆಗೆದವು. ಬೇಕಾಗಿರೋದು ಜನ. ಈ ಸಲದ ಮೀಟ್‌ಗೆ ನಾವು ನಾಲ್ವರು ಸೆಕೆಂಡ್ ಇಯರ್‌ನವರು ಹೆಸರು ಕೊಟ್ಟಿದ್ದೀವಿ. ಲೆಕ್ಕದ ಪ್ರಕಾರ ಇನ್ನೂ ಹದಿನಾರು ಮಂದಿ ಬೇಕು. ಕ್ಲಬ್ಬಿನ ನೋಟಿಸ್ ಬೋರ್ಡಿನ ಪಕ್ಕ ಒಂದು ಹಾಳೆ ಅಂಟಿಸಿದ್ದೀವಿ, ಪೆನ್ನೂ ದಾರದಲ್ಲಿ ಕಟ್ಟಿದ್ದೀವಿ. ಹೆಸರು, ಬ್ರ್ಯಾಂಚ್, ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ ಅನ್ನೋದು ಬರೆಯಿರಿ. ಕೊನೆಯದನ್ನ ಮಾತ್ರ ನಿಜ ಬರೆಯಿರಿ.